ನೂರು ಕಿಲೋಮೀಟರಿನ ನೆಪ

ಪ್ರಶ್ನೆ: ಅಕ್ಕಾ, ನನಗೆ 44 ವರ್ಷ. ಊರು ಗದಗ ಕಡೆ. ನೌಕರಿ ಸಲುವಾಗಿ ವಡೋದರಾಕ್ಕೆ ಬಂದು ನಾಲ್ಕು ವರ್ಷವಾಯಿತು. ಹೈಸ್ಕೂಲಿನಿಂದಲೂ ನನಗೆ ಎಲೆಕ್ಟ್ರಾನಿಕ್ಸ್ ಹುಚ್ಚು. ರಾತ್ರಿ ಊಟವಾದ ಮೇಲೆ ಬಾಲ್ಕನಿ ಮೂಲೆಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ಕೂತರೆ ಹನ್ನೆರಡು ಹೊಡೆದದ್ದೂ ತಿಳಿಯುವುದಿಲ್ಲ. ಆದರೆ ಮಾಡಿದ್ದನ್ನು ನೋಡಿ ಭಲೇ ಅನ್ನುವವರು, ತಪ್ಪು ಹಿಡಿದು ಬೈಯುವವರು ಇಲ್ಲಿ ಯಾರೂ ಇಲ್ಲ. ಫೋನಿನಲ್ಲಿ ಇಬ್ಬರು ಗೆಳೆಯರಿದ್ದಾರೆ. ಒಬ್ಬರು ಅಹಮದಾಬಾದಿನ ನಿವೃತ್ತ ಗುಜರಾತಿ ಮೇಷ್ಟ್ರು, ಇನ್ನೊಬ್ಬ ಸೂರತ್‌ನಲ್ಲಿರುವ ಉಡುಪಿ ಹುಡುಗ. ಸೇರೋಣ ಸೇರೋಣ ಎನ್ನುತ್ತಲೇ ಎರಡು ವರ್ಷ ಕಳೆಯಿತು. ಮೇಷ್ಟ್ರು 'ನೂರೇ ಕಿಲೋಮೀಟರ್, ನೀನೇ ಬಾ' ಅನ್ನುತ್ತಾರೆ. ನಾನು 'ನಡುವೆ ಇರುವವನು ನಾನು, ಇಬ್ಬರೂ ಇಲ್ಲಿಗೇ ಬನ್ನಿ' ಅನ್ನುತ್ತೇನೆ. ಸೂರತ್‌ನವನು 'ಅಷ್ಟು ದೂರ ಬರುವ ಬದಲು ಮುಂಬೈ ಲ್ಯಾಮಿಂಗ್ಟನ್ ರೋಡಿಗೆ ಹೋದರೆ ನಾಲ್ಕು ಐಸಿ ಆದರೂ ಸಿಗುತ್ತವೆ, ಬುಲೆಟ್ ಟ್ರೈನ್ ಶುರುವಾಗಲಿ, ಬರ್ತೇನೆ' ಅನ್ನುತ್ತಾನೆ. ಮೂವರೂ ನಕ್ಕು ಫೋನ್ ಇಡುತ್ತೇವೆ. ಅಪ್ಪನ ಕಾಲದ ವಾಲ್ವ್ ರೇಡಿಯೊ ಒಂದು ಆರು ತಿಂಗಳಿಂದ ಗುಂಯ್ ಎನ್ನುತ್ತಿದೆ, ನನ್ನಿಂದ ಸರಿಹೋಗಿಲ್ಲ. 'ಈ ವಯಸ್ಸಿನಲ್ಲಿ ಅದನ್ನು ಹೊತ್ತು ಊರೂರು ತಿರುಗುತ್ತೀರಾ?' ಎಂದು ಹೆಂಡತಿ ಕೇಳುತ್ತಾಳೆ. ನನಗೂ ನಾಚಿಕೆ ಅನ್ನಿಸುತ್ತದೆ. ಏನು ಮಾಡಲಿ?
– ಹೆಸರು ಬೇಡ, ವಡೋದರಾ

ಉತ್ತರ: ಅಕ್ಕ ಅಂದಿದ್ದೀರಿ, ಹಾಗಾಗಿ ಮುಚ್ಚುಮರೆ ಮಾಡುವುದಿಲ್ಲ. ನಿಮ್ಮ ಮೂವರ ತೊಂದರೆ ದೂರದ್ದಲ್ಲ. ರೈಲಿನಲ್ಲಿ ವಡೋದರಾದಿಂದ ಅಹಮದಾಬಾದಿಗೆ ನೂರು ಕಿಲೋಮೀಟರ್, ಸೂರತ್‌ಗೆ ನೂರಮೂವತ್ತು. ನಿಮ್ಮ ಸ್ಟೇಷನ್ನಿಗೆ ಬೆಳಗ್ಗೆ ಒಮ್ಮೆ ಹೋಗಿ ನಿಂತು ನೋಡಿ. ಕೈಯಲ್ಲಿ ಡಬ್ಬಿ, ಕಿಸೆಯಲ್ಲಿ ಪಾಸ್ ಇಟ್ಟುಕೊಂಡು ದಿನಾ ಅಹಮದಾಬಾದಿಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವವರು ಎಷ್ಟು ಜನ! ಆ ಬದುಕಿಗೆ ಅಲ್ಲಿನವರು 'ಅಪ್-ಡೌನ್' ಅನ್ನುತ್ತಾರೆ. ಅವರು ವಾರಕ್ಕೆ ಆರು ದಿನ ಮಾಡುವುದನ್ನು ನೀವು ಎರಡು ವರ್ಷದಲ್ಲಿ ಒಮ್ಮೆಯೂ ಮಾಡಿಲ್ಲ. ಸೂರತ್ ಹುಡುಗನ ಮಾತಿನಲ್ಲಂತೂ ಲೆಕ್ಕವೇ ತಪ್ಪಿದೆ. ಅವನಿಗೆ ಮುಂಬೈ 260 ಕಿಲೋಮೀಟರ್ ಮೇಲಾಗುತ್ತದೆ, ಅಹಮದಾಬಾದ್ 230ರ ಒಳಗೆ, ನಿಮ್ಮ ಮನೆ ಅದರ ಅರ್ಧಕ್ಕಿಂತ ತುಸು ಹೆಚ್ಚು. ಬುಲೆಟ್ ಟ್ರೈನಿಗೆ ಅಡಿಗಲ್ಲು ಇಟ್ಟದ್ದು 2017ರ ಸೆಪ್ಟೆಂಬರಿನಲ್ಲಿ. ಅದನ್ನು ಕಾಯುತ್ತ ಕೂತರೆ ನಿಮ್ಮ ರೇಡಿಯೊದ ಕೆಪಾಸಿಟರ್ ಇನ್ನಷ್ಟು ಒಣಗುತ್ತದೆ, ಅಷ್ಟೇ.

ತಮಾಷೆ ಕೆಟ್ಟದ್ದಲ್ಲ. ಆದರೆ ಬರಲಾರೆ ಎಂದು ಬಾಯಿಬಿಟ್ಟು ಹೇಳುವ ಮುಜುಗರ ತಪ್ಪಿಸಿಕೊಳ್ಳಲು ಮೂವರಿಗೂ ಅದೇ ದಾರಿಯಾಗಿದೆ. 'ಒಮ್ಮೆ ಸೇರೋಣ' ಎನ್ನುವ ಮಾತಿಗೆ ವಾರವಿಲ್ಲ, ತಾರೀಕಿಲ್ಲ, ಕೆಲಸವೂ ಇಲ್ಲ.

ನಮ್ಮದು ರಾಯಚೂರು ಜಿಲ್ಲೆಯ ಊರು. ನನ್ನ ಚಿಕ್ಕಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದ. ಸಂತೆ ದಿನ ಬಂತೆಂದರೆ ಸುತ್ತಲ ಹಳ್ಳಿಗಳಿಂದ ರೇಡಿಯೊಗಳು ಬರುತ್ತಿದ್ದವು, ಕೆಲವು ಎತ್ತಿನ ಗಾಡಿಯಲ್ಲಿ, ಕೆಲವು ದಟ್ಟಿಯಲ್ಲಿ ಸುತ್ತಿಕೊಂಡು ತಲೆಯ ಮೇಲೆ. ಆ ಹುಚ್ಚಿನ ಇನ್ನಿಬ್ಬರು ಹತ್ತು ಹನ್ನೆರಡು ಮೈಲಿ ನಡೆದು ಬಂದು ಅವನ ಜಗಲಿಯಲ್ಲಿ ಕೂರುತ್ತಿದ್ದರು. ಬರುತ್ತೀರಾ ಎಂದು ಯಾರೂ ಯಾರನ್ನೂ ಕೇಳಿದ್ದು ನಾನು ಕಾಣೆ. ಸಂತೆ ಮಂಗಳವಾರ, ಅಷ್ಟೇ. ಬಂದವರು ಬಂದರು, ಬಾರದವರಿಗೆ ಮುಂದಿನ ಮಂಗಳವಾರ ಇದ್ದೇ ಇತ್ತು.

ನಿಮಗೂ ಅಂಥದೊಂದು ಸಂತೆ ಬೇಕು. ಹುಡುಕುವುದೇ ಬೇಡ, ಅಹಮದಾಬಾದಿನಲ್ಲಿ ಅದು ಆಗಲೇ ಇದೆ. ಸಾಬರಮತಿ ದಂಡೆಯ ಮೇಲೆ, ಎಲ್ಲಿಸ್ ಬ್ರಿಜ್ ಹತ್ತಿರ, ಭಾನುವಾರ ಭಾನುವಾರ ಕೂಡುವ ಗುಜರಿ ಬಜಾರ್. ಅಲ್ಲಿನವರ ಬಾಯಲ್ಲಿ 'ರವಿವಾರಿ'. ಊರು ಕಟ್ಟಿದ ಅಹಮದ್ ಶಾಹನ ಕಾಲದಿಂದ ನಡೆದು ಬಂದದ್ದು ಎನ್ನುತ್ತಾರೆ. ಮಂಚ, ಮೇಕೆ, ಹಳೇ ಪುಸ್ತಕಗಳ ನಡುವೆ ಕೆಟ್ಟ ಮೋಟಾರು, ಟ್ರಾನ್ಸ್‌ಫಾರ್ಮರು, ಮುಳ್ಳಿನ ಮೀಟರುಗಳ ರಾಶಿಯೂ ಕಾಣುತ್ತದೆ. ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಅಲ್ಲಿರುತ್ತೇನೆ ಎಂದು ಇಬ್ಬರಿಗೂ ಹೇಳಿಬಿಡಿ. ಕೇಳಬೇಡಿ, ಹೇಳಿ. ಮೊದಲ ಸಲ ಮೇಷ್ಟ್ರು ಒಬ್ಬರೇ ಬಂದಾರು, ಸಾಕು.

ಬರಿಗೈಯಲ್ಲಿ ಹೋಗಬೇಡಿ. ಗಂಡಸರು, ಅದರಲ್ಲೂ ನಿಮ್ಮಂಥವರು, ಮುಖ ನೋಡಲು ಪ್ರಯಾಣ ಮಾಡುವುದಿಲ್ಲ, ಕೆಟ್ಟ ಸಾಮಾನು ನೋಡಲು ಮಾಡುತ್ತೀರಿ. (ಇದನ್ನು ಓದಿ ನನ್ನ ಮನೆಯವರು ಮುಖ ಗಂಟಿಕ್ಕಿದ್ದಾರೆ. ಇರಲಿ.) ಅಪ್ಪನ ರೇಡಿಯೊವನ್ನೇ ತೆಗೆದುಕೊಂಡು ಹೋಗಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ ಇನ್ನೂರು ವೋಲ್ಟಿನ ಮೇಲೆ ಉಳಿದಿರಬಹುದು ಎಂಬುದು ನಿಮಗೆ ಗೊತ್ತೇ ಇದೆ, ಮೊದಲು ಅದನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ. ವಾಲ್ವುಗಳನ್ನು ಒಂದೊಂದೇ ಕಿತ್ತು, ಯಾವುದು ಯಾವ ಸಾಕೆಟ್ಟಿನದು ಎಂದು ಚೀಟಿ ಅಂಟಿಸಿ, ಹಳೇ ಪಂಚೆ ಹರಿದು ಸುತ್ತಿ ಡಬ್ಬಿಯಲ್ಲಿಡಿ. ಚಾಸಿಯನ್ನು ತೊಡೆ ಮೇಲೆ ಇಟ್ಟುಕೊಳ್ಳಿ, ಸೀಟಿನ ಕೆಳಗೆ ಬೇಡ. ಮೇಷ್ಟ್ರ ಮನೆಯಲ್ಲಿ ಆಸಿಲೋಸ್ಕೋಪ್ ಇದ್ದರೆ ಆ ಗುಂಯ್ ಸದ್ದಿನ ಜಾತಕ ಹತ್ತು ನಿಮಿಷದಲ್ಲಿ ತೆರೆಯ ಮೇಲಿರುತ್ತದೆ. ಫುಲ್‌ವೇವ್ ರೆಕ್ಟಿಫೈಯರ್ ಇರುವ ಸೆಟ್ಟಿನಲ್ಲಿ 100 ಹರ್ಟ್ಸ್ ಕಂಡರೆ ಮೊದಲ ಅನುಮಾನ ಫಿಲ್ಟರ್ ಕೆಪಾಸಿಟರಿನ ಮೇಲೆ, 50 ಕಂಡರೆ ಹೀಟರ್ ತಂತಿ, ಅರ್ತಿಂಗ್ ಕಡೆ ಹುಡುಕಬೇಕು. ಚಿಕ್ಕಪ್ಪ ಇಷ್ಟನ್ನು ಕಿವಿಯಲ್ಲೇ ಹೇಳುತ್ತಿದ್ದ. ನನ್ನದು ಅವನಿಂದ ಕದ್ದ ಅರೆಬರೆ ವಿದ್ಯೆ, ತಪ್ಪಿದ್ದರೆ ಮೇಷ್ಟ್ರು ತಿದ್ದಲಿ.

ಇನ್ನು ನಾಚಿಕೆಯ ವಿಷಯ. 1975ರ ಆಗಸ್ಟಿನಿಂದ ಒಂದು ವರ್ಷ, ಅಹಮದಾಬಾದಿನ ಇಸ್ರೋ ವಿಜ್ಞಾನಿಗಳು ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ಸೈಟ್ ಎಂದು ಆ ಪ್ರಯೋಗದ ಹೆಸರು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. ಸುಮಾರು 36,000 ಕಿಲೋಮೀಟರ್ ಮೇಲಿಂದ ಬರುವ ಸಂಕೇತ ಹಿಡಿಯಲು ಅವರು ಹತ್ತು ಅಡಿ ಅಗಲದ ಛತ್ರಿಗೆ ಹೊದಿಸಿದ್ದು ಕೋಳಿಗೂಡಿಗೆ ಬಳಸುವ ತಂತಿಜಾಲರಿ!  ಅಂಥವರಿದ್ದ ಅಹಮದಾಬಾದಿಗೆ ರೇಡಿಯೊ ಹೊತ್ತು ಹೋಗಲು ನೀವು ನಾಚಬೇಕಿಲ್ಲ.

ಹೆಂಡತಿಯ ಮಾತಿಗೆ ಬೇಸರ ಬೇಡ. ರಾತ್ರಿ ಹನ್ನೆರಡರವರೆಗೆ ಬಾಲ್ಕನಿಯಲ್ಲಿ ಕೂರುವ ಗಂಡ ಭಾನುವಾರವನ್ನೂ ಕೊಂಡುಹೋದರೆ ಆಕೆಗೆ ಉಳಿಯುವುದೇನು? ವಡೋದರಾದಲ್ಲಿ ಆಕೆಯೂ ನಿಮ್ಮಷ್ಟೇ ಒಂಟಿ. ತಿಂಗಳಲ್ಲಿ ಒಂದು ಭಾನುವಾರ ನಿಮ್ಮದು, ಇನ್ನೊಂದು ಪೂರ್ತಿ ಆಕೆಯದು ಎಂದು ನೀವಾಗಿಯೇ ಮೊದಲು ಹೇಳಿ.

ಮತ್ತೊಂದು ಮಾತು. ಇಲ್ಲಿ ಯಾರೂ ಇಲ್ಲ ಎಂದಿರಿ. ವಡೋದರಾದಲ್ಲಿ? ಸಯಾಜಿರಾವ್ ಗಾಯಕವಾಡರು 1890ರಲ್ಲೇ ತಾಂತ್ರಿಕ ಶಿಕ್ಷಣಕ್ಕೆ ಕಲಾಭವನ ತೆರೆದ ಊರು ಅದು. ಮಕರ್‌ಪುರಾದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರಲ್ಲಿ ನಿಮ್ಮ ಜಾತಿಯವರು ಎಷ್ಟೋ ಮಂದಿ ಇದ್ದಾರು. ನಿಮ್ಮ ಬೀದಿಯ ಟಿವಿ ರಿಪೇರಿಯವನ ಹತ್ತಿರ ಎಂದಾದರೂ ಚಹಾ ಕುಡಿದಿದ್ದೀರಾ? ಗುಜರಾತಿ ಬರುವುದಿಲ್ಲ ಎಂಬುದು ಕಾರಣವಾಗದು, ರೆಸಿಸ್ಟರಿನ ಬಣ್ಣದ ಪಟ್ಟೆಗಳನ್ನು ಅವನೂ ನಿಮ್ಮಂತೆಯೇ ಓದುತ್ತಾನೆ.

ಸೂರತ್ ಹುಡುಗನಿಗೆ ಅಷ್ಟು ಪ್ರಯಾಣ ಒಲ್ಲದಾದರೆ ಮೂವರೂ ಹ್ಯಾಮ್ ರೇಡಿಯೊ ಪರೀಕ್ಷೆ ಕಟ್ಟಿ. ಲೈಸೆನ್ಸ್ ಕೈಗೆ ಬಂದ ಮೇಲೆ 40 ಮೀಟರ್ ಬ್ಯಾಂಡಿನಲ್ಲಿ ಹಗಲು ಹೊತ್ತು ಅಹಮದಾಬಾದು-ಸೂರತ್ ದೂರ ಆರಾಮಾಗಿ ಮಾತಾಡಬಹುದು. ಅದಕ್ಕೆ ಮಾಳಿಗೆ ಮೇಲೆ ಇಪ್ಪತ್ತು ಮೀಟರ್ ತಂತಿ ಎಳೆಯಬೇಕಾಗುತ್ತದೆ. ಜನವರಿ 14ರ ಉತ್ತರಾಯಣಕ್ಕೆ ಮುಂಚೆ ಮಾತ್ರ ಎಳೆಯಬೇಡಿ, ಊರಿನ ಗಾಳಿಪಟಗಳೆಲ್ಲ ಅದಕ್ಕೇ ಸಿಕ್ಕಿಕೊಂಡಾವು.

ಆದರೆ ಅದೆಲ್ಲ ಆಮೇಲೆ. ಈಗ ಕ್ಯಾಲೆಂಡರಿನಲ್ಲಿ ಎರಡನೇ ಭಾನುವಾರಕ್ಕೆ ಗುರುತು ಹಾಕಿ, ಟಿಕೆಟ್ ತೆಗೆಸಿ, ಆಮೇಲೆ ಫೋನ್ ಮಾಡಿ. ಹೋಗಿ ಬಂದು ನನಗೊಂದು ಸಾಲು ಬರೆಯಿರಿ: 50 ಹರ್ಟ್ಸೋ, 100 ಹರ್ಟ್ಸೋ?