ಹಳೆಯ ಕಾರಿನ ನಡುಕ: ಐಡ್ಲಿಂಗ್ ದೋಷ ಹುಡುಕುವ ಬಗೆ

ಕಾವಾಸಾಕಿಯಲ್ಲಿದ್ದೇವೆ ಎಂದೊಡನೆ ಊರಿನ ಕಡೆಯವರು ಕೇಳುವ ಮೊದಲ ಪ್ರಶ್ನೆ, "ಬೈಕ್ ತಯಾರಿಸುವ ಊರಲ್ಲವೇ?" ಎಂಬುದು. ಬಜಾಜ್ ಕಾವಾಸಾಕಿ ಓಡಿಸಿದ ತಲೆಮಾರಿನ ಮಾವಂದಿರಿಗೂ ಚಿಕ್ಕಪ್ಪಂದಿರಿಗೂ ಈ ಅನುಮಾನ ಸಹಜವೇ. ಆ ಕಂಪೆನಿಗೆ ಹೆಸರು ಬಂದದ್ದು ಸ್ಥಾಪಕರಾದ ಕಾವಾಸಾಕಿ ಶೋಜೋ ಅವರಿಂದ, ನಮ್ಮೂರಿನಿಂದಲ್ಲ. ಹಾಗೆಂದು ವಾಹನಗಳಿಗೂ ಈ ಊರಿಗೂ ನಂಟೇ ಇಲ್ಲವೆಂದಲ್ಲ. ನಕಹರಾ ವಾರ್ಡಿನಲ್ಲಿ ಮಿತ್ಸುಬಿಷಿ ಫುಸೊ ಲಾರಿಗಳ ಕಾರ್ಖಾನೆಯಿದೆ. ಹೊಗೆಯಿಂದ ಉಸಿರಾಟದ ಕಾಯಿಲೆಗೆ ತುತ್ತಾದ ಇಲ್ಲಿನ ನಾಗರಿಕರು 1982ರಲ್ಲಿ ನ್ಯಾಯಾಲಯಕ್ಕೆ ಹೋಗಿ, 1996ರಲ್ಲಿ ಕಾರ್ಖಾನೆಗಳೊಡನೆಯೂ 1999ರಲ್ಲಿ ಸರ್ಕಾರ ಮತ್ತು ಹೆದ್ದಾರಿ ನಿಗಮದೊಡನೆಯೂ ರಾಜಿಗೆ ಬಂದ ಇತಿಹಾಸವಿದೆ. ಆದ್ದರಿಂದಲೇ ಇಲ್ಲಿ ಕಾರು ನಿಲ್ಲಿಸಿ ಎಂಜಿನ್ ಸುಮ್ಮನೆ ಓಡಿಸುತ್ತಿದ್ದರೆ ನೆರೆಯವರು ಕಿಟಕಿಯಿಂದ ನೋಡುತ್ತಾರೆ. ನಿಯಮವೂ ಅದನ್ನು ಒಪ್ಪುವುದಿಲ್ಲ. ಮುಂದೆ ಹೇಳುವ ಪರೀಕ್ಷೆಗಳನ್ನೆಲ್ಲ ಚುಟುಕಾಗಿ, ಹಗಲು ಹೊತ್ತಿನಲ್ಲಿ, ಬಯಲು ಜಾಗದಲ್ಲಿ ಮಾಡಬೇಕೆಂಬುದನ್ನು ಮೊದಲೇ ನೆನಪಿಡೋಣ.

ನಮ್ಮ ಕುಟುಂಬಗಳಲ್ಲಿ ಅನೇಕರು ಹತ್ತು ಹದಿನೈದು ವರ್ಷ ಹಳೆಯದಾದ, ಲಕ್ಷ ಕಿಲೋಮೀಟರ್ ದಾಟಿದ ಕಾರನ್ನೇ ಕೊಳ್ಳುತ್ತೇವೆ. ಮಕ್ಕಳು, ಅಕ್ಕಿ ಮೂಟೆ, ಊರಿನಿಂದ ಬಂದ ಅಪ್ಪ ಅಮ್ಮ, ಎಲ್ಲಕ್ಕೂ ಅದೇ ಒಂದು ಕಾರು. ಅದು ಸಿಗ್ನಲ್ಲಿನಲ್ಲಿ ನಿಂತಾಗ ಗಡಗಡ ನಡುಗತೊಡಗಿದರೆ ಎರಡು ಚಿಂತೆ. ಒಂದು ಸುರಕ್ಷತೆಯದು. 1997ರ ಡಿಸೆಂಬರಿನಲ್ಲಿ ತೆರೆದ ಆಕ್ವಾಲೈನಿನಲ್ಲಿ ಕಾವಾಸಾಕಿ ಕಡೆಯ ಸುರಂಗವೇ ಸುಮಾರು ಒಂಬತ್ತೂವರೆ ಕಿಲೋಮೀಟರ್. ಅದರೊಳಗೆ ವಾಹನ ತೆವಳುವಾಗ ಎಂಜಿನ್ ನಿಂತುಹೋದರೆ ಸ್ಟಿಯರಿಂಗ್ ಭಾರವಾಗುತ್ತದೆ, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕೂ ಗಟ್ಟಿಯಾಗುತ್ತದೆ. ಇನ್ನೊಂದು ಹಣದ್ದು. ಪೆಟ್ರೋಲ್ ಕಾರಿಗೆ 13 ವರ್ಷ ತುಂಬಿದ ಮೇಲೆ ವಾಹನ ತೆರಿಗೆ ಸುಮಾರು ಶೇ. 15ರಷ್ಟು ಹೆಚ್ಚುತ್ತದೆ; ತೂಕದ ತೆರಿಗೆ 13ಕ್ಕೊಮ್ಮೆ, 18ಕ್ಕೊಮ್ಮೆ ಏರುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಶಾಕೆನ್ ತಪಾಸಣೆಯ ಖರ್ಚು ಬೇರೆ. ಇಷ್ಟರ ಮೇಲೆ ಗ್ಯಾರೇಜಿನವರು "ಎಂಜಿನ್ನೇ ಹೋಗಿದೆ" ಎಂದರೆ, ಭಾಷೆ ಅರೆಬರೆ ತಿಳಿದ ನಾವು ತಲೆಯಾಡಿಸಿ ಕಾರನ್ನು ಗುಜರಿಗೆ ಕೊಟ್ಟು ಬರುವುದೇ ಹೆಚ್ಚು.

ನಮ್ಮ ಪರಿಚಯದ ಕುಟುಂಬವೊಂದಕ್ಕೆ ಹೀಗೇ ಆಗುವುದರಲ್ಲಿತ್ತು. ಅದಕ್ಕೆ ಆಮೇಲೆ ಬರೋಣ. ಮೊದಲು ಎಂಜಿನ್ ಏಕೆ ನಡುಗುತ್ತದೆಂದು ತಿಳಿಯಬೇಕು.

ಆಕ್ಸಲರೇಟರ್ ಒತ್ತದೆ ಇರುವಾಗ ಕಾರಿನ ಎಂಜಿನ್ ನಿಮಿಷಕ್ಕೆ 600ರಿಂದ 800 ಸುತ್ತು ತಿರುಗುತ್ತದೆ. 700 ಎಂದಿಟ್ಟುಕೊಳ್ಳಿ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ಸಿಲಿಂಡರ್ ಉರಿಯುತ್ತವೆ. ಅಂದರೆ ನಿಮಿಷಕ್ಕೆ 1400, ಸೆಕೆಂಡಿಗೆ 23 ಬಡಿತ. ಇಷ್ಟು ವೇಗದ ಬಡಿತ ನಮಗೆ ಒಂದೇ ಸಮನೆ ಕೇಳುತ್ತದೆ. ಒಂದು ಸಿಲಿಂಡರ್ ಕೆಲಸ ಬಿಟ್ಟಿತೆನ್ನಿ, ಸೆಕೆಂಡಿಗೆ ಸುಮಾರು ಆರು ಬಾರಿ ಒಂದು ಬಡಿತ ತಪ್ಪುತ್ತದೆ. ಅದನ್ನೇ ನಮ್ಮೂರ ಮೆಕ್ಯಾನಿಕ್ಕುಗಳು "ಮಿಸ್ಸಿಂಗ್ ಇದೆ ಸಾರ್" ಎನ್ನುವುದು. ವೇಗವಾಗಿ ಓಡುವಾಗ ಎಂಜಿನ್ನಿನ ರಭಸದಲ್ಲಿ ಇದು ಮುಚ್ಚಿಹೋಗುತ್ತದೆ; ನಿಂತಾಗ ಬಯಲಾಗುತ್ತದೆ.

ಹೀಗಾಗಿ ಮೊದಲ ಪರೀಕ್ಷೆಗೆ ಕಿವಿಯೇ ಸಾಕು. ನಡುಕ ತಾಳಬದ್ಧವಾಗಿ, ಒಂದೇ ಲಯದಲ್ಲಿ ಬರುತ್ತಿದೆಯೇ? ಹಾಗಿದ್ದರೆ ಒಂದು ನಿರ್ದಿಷ್ಟ ಸಿಲಿಂಡರಿನ ಮೇಲೆ ಅನುಮಾನ: ಪ್ಲಗ್, ಕಾಯಿಲ್, ಇಂಜೆಕ್ಟರ್ ಅಥವಾ ಕಂಪ್ರೆಶನ್. ಲಯವಿಲ್ಲದೆ ಏರುತ್ತ ಇಳಿಯುತ್ತ, ಈಗ ನಿಲ್ಲುತ್ತದೆಯೋ ಆಗ ನಿಲ್ಲುತ್ತದೆಯೋ ಎಂಬಂತಿದೆಯೇ? ಆಗ ಎಲ್ಲ ಸಿಲಿಂಡರಿಗೂ ಸೇರಿದ ಸಂಗತಿ, ಅಂದರೆ ಗಾಳಿ ಇಲ್ಲವೆ ಪೆಟ್ರೋಲಿನ ಅಳತೆ, ಕೆಟ್ಟಿದೆ. ಮೂರನೆಯದೂ ಒಂದಿದೆ. ಟ್ಯಾಕೋಮೀಟರಿನ ಮುಳ್ಳು ಅಲ್ಲಾಡದೆ ನಿಂತಿದ್ದು, ಸೀಟು ಮತ್ತು ಸ್ಟಿಯರಿಂಗ್ ಮಾತ್ರ ನಡುಗುತ್ತಿದ್ದರೆ, ಅದೂ ಗೇರ್ ಡಿ ಯಲ್ಲಿದ್ದಾಗ ಹೆಚ್ಚಾಗಿ ಎನ್ ಗೆ ತಂದಾಗ ಕಡಿಮೆಯಾದರೆ, ಎಂಜಿನ್ನಿನ ದೋಷವೇ ಅಲ್ಲದಿರಬಹುದು. ಎಂಜಿನ್ ಕೂರುವ ರಬ್ಬರ್ ಮೌಂಟ್ ಹಳತಾಗಿ ಕುಸಿದಿರುತ್ತದೆ. ಈ ಮೌಂಟ್ ವಿಚಾರ ತಿಳಿಯದೆ ಪ್ಲಗ್ಗು ಕಾಯಿಲ್ಲುಗಳಿಗೆ ಹಣ ಸುರಿದವರನ್ನು ಬಹಳ ಜನ ನೋಡಿದ್ದೇವೆ.

ಎರಡನೆಯ ಪರೀಕ್ಷೆ: ಆಕ್ಸಲರೇಟರನ್ನು ಮೆಲ್ಲಗೆ ಒತ್ತಿ 1500 ಸುತ್ತಿಗೆ ತನ್ನಿ. ನಡುಕ ಮಾಯವಾದರೆ ಗಾಳಿ ಸೋರಿಕೆ ಅಥವಾ ಥ್ರಾಟಲ್ ಬಾಡಿಯ ಕೊಳೆ ಎಂದು ಊಹಿಸಬಹುದು. ಏಕೆಂದರೆ ಐಡ್ಲಿಂಗಿನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುವುದರಿಂದ ಒಳಗೆ ನಿರ್ವಾತ ಜೋರಾಗಿರುತ್ತದೆ. ಸಣ್ಣ ಬಿರುಕಿನಿಂದ ನುಗ್ಗುವ ಗಾಳಿಯೂ ದೊಡ್ಡ ಪಾಲಾಗುತ್ತದೆ. ವೇಗ ಹೆಚ್ಚಿದಾಗ ಎಂಜಿನ್ ಎಳೆದುಕೊಳ್ಳುವ ಗಾಳಿಯ ಮುಂದೆ ಅದು ಲೆಕ್ಕಕ್ಕೇ ಬಾರದು. ಕೆಲವು ಮಾದರಿಗಳಲ್ಲಿ ಸೋರಿಕೆಯಿಂದ ನಡುಗುವ ಬದಲು ಐಡಲ್ ಸುಮ್ಮನೆ ಮೇಲೇರುತ್ತದೆ, ಅದೂ ಸುಳಿವೇ. 1500ರಲ್ಲೂ ಬಡಿತ ತಪ್ಪುತ್ತಿದ್ದರೆ ಕಿಡಿ, ಇಂಜೆಕ್ಟರ್ ಅಥವಾ ಕಂಪ್ರೆಶನ್ನಿನ ಕಡೆ ನಡೆಯಿರಿ.

ಈಗ ಆ ಕುಟುಂಬದ ಮಾತು. ಹದಿನಾರು ವರ್ಷದ ವ್ಯಾಗನ್, 1,62,000 ಕಿಲೋಮೀಟರ್. ಮಂಡಿನೋವಿನ ತಂದೆಯವರನ್ನು ಆಸ್ಪತ್ರೆಗೆ ಕರೆದೊಯ್ಯಲು ಅವರಿಗಿದ್ದದ್ದು ಅದೊಂದೇ. ಶಾಕೆನ್‌ಗೆ ಇನ್ನು ಎರಡು ತಿಂಗಳಿತ್ತು. ಒಂದು ಗ್ಯಾರೇಜಿನವರು ಎಂಜಿನ್ ಬದಲಿಸಬೇಕೆಂದು ಕೊಟ್ಟ ಅಂದಾಜು ಕಾರಿನ ಬೆಲೆಗಿಂತ ಹೆಚ್ಚು. ಭಾನುವಾರ ನಾವು ಮೂವರು ಹೋಗಿ ನೋಡಿದಾಗ ನಡುಕಕ್ಕೆ ಲಯವಿರಲಿಲ್ಲ. 1500ಕ್ಕೆ ಏರಿಸಿದರೆ ಎಂಜಿನ್ ರೇಷ್ಮೆಯಂತೆ ಓಡುತ್ತಿತ್ತು. ಕಿಡಿಯ ಮತ್ತು ಕಂಪ್ರೆಶನ್ನಿನ ಮೇಲಿನ ಅನುಮಾನ ಅಲ್ಲಿಗೇ ಅರ್ಧ ಕರಗಿತು. ಬಾನೆಟ್ ಎತ್ತಿ ಕಿವಿಗೊಟ್ಟರೆ ಇನ್‌ಟೇಕ್ ಮ್ಯಾನಿಫೋಲ್ಡಿನ ಹಿಂದಿನಿಂದ ಹಾವಿನ ಬುಸುಗುಟ್ಟುವಿಕೆಯಂತಹ ಸಣ್ಣ ಸದ್ದು. ಎಂಜಿನ್ನಿನೊಳಗಿನ ಆವಿಯನ್ನು ಹಿಂದಕ್ಕೆ ಎಳೆದುಕೊಳ್ಳುವ ಪಿಸಿವಿ ವಾಲ್ವಿನ ರಬ್ಬರ್ ಪೈಪು ಮೊಣಕೈ ತಿರುವಿನಲ್ಲಿ ಗಟ್ಟಿಯಾಗಿ ಸೀಳಿತ್ತು. ಬೆರಳಿನಿಂದ ಸೀಳನ್ನು ಮುಚ್ಚಿದೊಡನೆ ಐಡ್ಲಿಂಗ್ ಸಮವಾಯಿತು. ಹೊಸ ಪೈಪಿನ ಬೆಲೆ ಎರಡು ಬಟ್ಟಲು ಉದೋನ್‌ಗೆ ಸಮ. ಥ್ರಾಟಲ್ ಬಾಡಿಯನ್ನೂ ಶುಚಿ ಮಾಡಿಸಿ, ಎರಡು ತಿಂಗಳ ಬಳಿಕ ಅದು ಶಾಕೆನ್ ದಾಟಿತು.

ಇಂತಹ ಸೋರಿಕೆ ಹುಡುಕಲು ಪೆಟ್ರೋಲನ್ನೋ ಕಾರ್ಬೊರೇಟರ್ ಕ್ಲೀನರನ್ನೋ ಸಿಂಪಡಿಸುವವರಿದ್ದಾರೆ. ಬಿಸಿ ಎಂಜಿನ್ನಿನ ಮೇಲೆ ಅದು ಬೆಂಕಿಗೆ ಆಹ್ವಾನ. ಗಿಡಕ್ಕೆ ಸಿಂಪಡಿಸುವ ಬಾಟಲಿಯಲ್ಲಿ ತಣ್ಣೀರು ತುಂಬಿ, ಕಾಯಿಲ್ ಮತ್ತು ವೈರುಗಳಿಗೆ ತಾಗದಂತೆ ರಬ್ಬರ್ ಪೈಪಿನ ಜೋಡಣೆಗಳ ಮೇಲಷ್ಟೇ ಹನಿಸಿದರೆ ಸಾಕು. ಸದ್ದು ಬದಲಾದ ಕಡೆ ಸೋರಿಕೆಯಿದೆ. ಥ್ರಾಟಲ್ ಬಾಡಿಯನ್ನು ಶುಚಿಗೊಳಿಸುವಾಗಲೂ ಒಂದು ಎಚ್ಚರಿಕೆ. ವಿದ್ಯುತ್ ಮೋಟರಿನ ಥ್ರಾಟಲ್ ಇರುವ ಕಾರುಗಳಲ್ಲಿ ಅದರ ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತಳ್ಳಬಾರದು, ಗೇರುಗಳು ಹಾಳಾಗುತ್ತವೆ. ಶುಚಿ ಮಾಡಿದ ಮೇಲೆ, ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಕೂಡ, ಕೆಲವು ಕಾರುಗಳ ಕಂಪ್ಯೂಟರಿಗೆ ಐಡ್ಲಿಂಗನ್ನು ಹೊಸದಾಗಿ ಕಲಿಸಬೇಕಾಗುತ್ತದೆ. "ಶುಚಿ ಮಾಡಿಸಿದ ಮೇಲೆ ಇನ್ನೂ ಕೆಟ್ಟಿತು" ಎನ್ನುವ ದೂರಿಗೆ ಬಹುಪಾಲು ಇದೇ ಕಾರಣ.

ತಾಳಬದ್ಧ ನಡುಕವಾದರೆ ಪ್ಲಗ್ಗುಗಳಿಂದ ಆರಂಭಿಸೋಣ. ಸಾಮಾನ್ಯ ಪ್ಲಗ್ 20,000 ಕಿಲೋಮೀಟರಿನ ಆಸುಪಾಸಿನಲ್ಲಿ ಸವೆಯುತ್ತದೆ, ಬಹುಕಾಲ ಬಾಳುವ ಇರಿಡಿಯಂ ಪ್ಲಗ್ಗಿಗೆ ಸುಮಾರು 1,00,000 ಎಂದು ಹೇಳುತ್ತಾರೆ; ಕೊಂಡ ಮೇಲೆ ಒಮ್ಮೆಯೂ ಬಿಚ್ಚಿ ನೋಡದವರೇ ನಮ್ಮಲ್ಲಿ ಜಾಸ್ತಿ. ಎಂಜಿನ್ ಪೂರ್ತಿ ತಣಿದ ಮೇಲೆಯೇ ಬಿಚ್ಚಬೇಕು. ತುದಿ ತಿಳಿ ಕಂದಾಗಿದ್ದರೆ ಕ್ಷೇಮ. ಒಣ ಮಸಿಯಾದರೆ ಪೆಟ್ರೋಲ್ ಹೆಚ್ಚಾಗಿದೆ, ಎಣ್ಣೆ ಜಿಡ್ಡಾದರೆ ಎಂಜಿನ್ ಆಯಿಲ್ ಮೇಲೇರುತ್ತಿದೆ, ಸುಣ್ಣದಂತೆ ಬೆಳ್ಳಗಾಗಿದ್ದರೆ ಪೆಟ್ರೋಲ್ ಕಡಿಮೆಯಾಗಿ ಅತಿ ಬಿಸಿಯಾಗಿದೆ. ನಾಲ್ಕರಲ್ಲಿ ಒಂದು ಮಾತ್ರ ಬೇರೆಯಾಗಿ ಕಂಡರೆ ಅಪರಾಧಿ ಅಲ್ಲಿದ್ದಾನೆ.

ಆಮೇಲೆ ಖರ್ಚೇ ಇಲ್ಲದ ಒಂದು ಉಪಾಯ. ಪ್ರತಿ ಪ್ಲಗ್ಗಿಗೂ ಪ್ರತ್ಯೇಕ ಕಾಯಿಲ್ ಇರುವ ಎಂಜಿನ್ನಾದರೆ, ಎಂಜಿನ್ ನಿಲ್ಲಿಸಿ, ಅನುಮಾನವಿರುವ ಸಿಲಿಂಡರಿನ ಕಾಯಿಲನ್ನು ಪಕ್ಕದ್ದರೊಡನೆ ಅದಲುಬದಲು ಮಾಡಿ. ದೋಷ ಕಾಯಿಲಿನ ಹಿಂದೆಯೇ ಪಕ್ಕದ ಸಿಲಿಂಡರಿಗೆ ಹೋದರೆ ಆ ಒಂದು ಕಾಯಿಲ್ ಕೊಂಡರಾಯಿತು. ಹೋಗದಿದ್ದರೆ ಪ್ಲಗ್ಗನ್ನು ಹಾಗೆಯೇ ಅದಲುಬದಲು ಮಾಡಿ. ಎರಡಕ್ಕೂ ಜಗ್ಗದಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಶನ್ ಉಳಿಯಿತು. ಯಾವ ಸಿಲಿಂಡರ್ ಎಂದು ತಿಳಿಯದಿದ್ದರೆ, ಮೆಕ್ಯಾನಿಕ್ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ತೆಗೆದು ನೋಡುತ್ತಾರೆ. ಯಾವುದನ್ನು ತೆಗೆದರೂ ನಡುಕ ಹೆಚ್ಚಾಗಲಿಲ್ಲವೋ ಅದು ಮೊದಲೇ ಸತ್ತಿದ್ದ ಸಿಲಿಂಡರ್. ಕಾಯಿಲ್ ತೆಗೆದು ಎಂಜಿನ್ ಓಡಿಸುವುದು ಬೇಡ, ಉರಿಯದ ಪೆಟ್ರೋಲ್ ಸೈಲೆನ್ಸರಿನ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಓಡುವಾಗ ಎಂಜಿನ್ ದೀಪ ಮಿಣುಕತೊಡಗಿದರೂ ಇದೇ ಅಪಾಯ. ವೇಗ ಇಳಿಸಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. 2017ರ ಫೆಬ್ರವರಿಯಿಂದ ಆ ದೀಪ ಉರಿಯುತ್ತಿರುವ ಕಾರನ್ನು ಶಾಕೆನ್‌ನವರು ಪರೀಕ್ಷೆಗೇ ತೆಗೆದುಕೊಳ್ಳುವುದಿಲ್ಲ.

ಕಂಪ್ರೆಶನ್ ವಿಷಯ ಬಂದಾಗ ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಅಳತೆ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಅಳತೆ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಇನ್ನೊಂದು ಮನೆಯ 2,10,000 ಕಿಲೋಮೀಟರಿನ ಕಾರಿನಲ್ಲಿ ಮೂರನೆಯ ಸಿಲಿಂಡರಿನ ಅಳತೆ ಉಳಿದವುಗಳ ಅರ್ಧಕ್ಕೆ ಇಳಿದಿತ್ತು, ಎಣ್ಣೆ ಬಿಟ್ಟರೂ ಏರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಹತ್ತಿರವಾಗಿದ್ದರೆ ಹೆಡ್ ಬಿಚ್ಚಿಸಿ ವಾಲ್ವ್ ಕೂರಿಸಬಹುದಿತ್ತು. ಇಲ್ಲಿನ ಕೂಲಿಗೆ ಅದು ಸಲ್ಲದು. ಮಾರಿಬಿಡಿ ಎಂದೆವು. ಆ ಮನೆಯ ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಬಂದದ್ದು ಅದೇ ಕಾರಿನಲ್ಲಂತೆ, ಕಣ್ಣೀರು ಹಾಕಿದರು. ಆದರೂ ಶಾಕೆನ್ ಅವಧಿ ಉಳಿದಿರುವಾಗಲೇ ಗುಜರಿಗೆ ಕೊಟ್ಟು ನೋಂದಣಿ ರದ್ದು ಮಾಡಿಸಿದ್ದರಿಂದ ಉಳಿದ ತಿಂಗಳುಗಳ ತೂಕದ ತೆರಿಗೆ ಅವರಿಗೆ ವಾಪಸು ಬಂತು. ಇದು ಬಹಳ ಮಂದಿಗೆ ಗೊತ್ತಿಲ್ಲ.

ಎಂಜಿನ್ ತಣ್ಣಗಿದ್ದಾಗ ಮಾತ್ರ ನಡುಕ, ಜೊತೆಗೆ ರೇಡಿಯೇಟರ್ ನೀರು ಕಾರಣವಿಲ್ಲದೆ ಇಳಿಯುತ್ತಿದೆ ಎಂದಾದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಿಸಿ, ತಡಮಾಡಬೇಡಿ. ಏಸಿ ಹಾಕಿದಾಗ ಮಾತ್ರ ಎಂದರೆ ಭಾರ ಬಂದಾಗ ಐಡಲನ್ನು ಏರಿಸುವ ವ್ಯವಸ್ಥೆ ಸೋತಿದೆ; ಬಹಳ ಸಲ ಥ್ರಾಟಲ್ ಶುಚಿಯಿಂದಲೇ ಸರಿಹೋಗುತ್ತದೆ.

ಬಾನೆಟ್ ಎತ್ತುವ ಮೊದಲು ದುಪ್ಪಟ್ಟ, ಬಳೆ, ಸರ, ಉಂಗುರ ತೆಗೆದಿಡಿ. ರೇಡಿಯೇಟರ್ ಫ್ಯಾನ್ ಎಂಜಿನ್ ನಿಂತ ಮೇಲೂ ತಾನಾಗಿ ತಿರುಗಬಹುದು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುವುದು ಎಂದೆಂದಿಗೂ ಕೂಡದು. ನಾಗಾನೋ, ನೀಗಾತ ಕಡೆ ಹಿಮ ನೋಡಲು ಹೋಗುವ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು: ಹಿಮದಲ್ಲಿ ಸಿಕ್ಕಿಬಿದ್ದಾಗ ಹೊಗೆಕೊಳವೆ ಮುಚ್ಚಿಹೋದರೆ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೇ ಸೇರುತ್ತದೆ, ಅದಕ್ಕೆ ವಾಸನೆಯಿಲ್ಲ. ಎಂಜಿನ್ ಆರಿಸಿ, ಇಲ್ಲವೆ ಕೊಳವೆಯ ಸುತ್ತ ಹಿಮ ತೆಗೆಯುತ್ತಲೇ ಇರಿ.

ಕೊನೆಯದಾಗಿ ಗ್ಯಾರೇಜಿನ ಭಾಷೆ. ಜಪಾನೀಯರಿಗೂ ನಮ್ಮ ಹಾಗೆ ಗಡಗಡ, ದಡದಡ ಎನ್ನುವ ಅನುಕರಣ ಪದಗಳೆಂದರೆ ಪ್ರೀತಿ. "ಎನ್‌ಜಿನ್ ಗ ಬುರುಬುರು ಸುರು" ಎಂದರೆ ಎಂಜಿನ್ ನಡುಗುತ್ತಿದೆ. "ಐಡೊರಿಂಗು ಗ ಆನ್‌ತೇ ಶಿನಾಯ್" ಎಂದರೆ ಐಡ್ಲಿಂಗ್ ಸ್ಥಿರವಾಗಿಲ್ಲ. ಎಂಜಿನ್ ತಾನಾಗಿ ನಿಂತುಹೋಗುವುದಕ್ಕೆ "ಎನ್‌ಸುಟೊ", ಖರ್ಚಿನ ಅಂದಾಜಿಗೆ "ಮಿತ್ಸುಮೊರಿ". ಒಂದು ಚೀಟಿಯಲ್ಲಿ ಇಷ್ಟನ್ನು ಬರೆದುಕೊಂಡು ಹೋಗಿ: ನಡುಕ ತಣ್ಣಗಿರುವಾಗಲೋ ಬಿಸಿಯಾದಾಗಲೋ, ಡಿ ಯಲ್ಲೋ ಎನ್ ನಲ್ಲೋ, ಏಸಿಯೊಡನೆಯೋ ಇಲ್ಲದೆಯೋ, 1500 ಸುತ್ತಿನಲ್ಲಿ ಏನಾಯಿತು, ಪ್ಲಗ್ ಕೊನೆಯ ಬಾರಿ ಬದಲಿಸಿದ್ದು ಎಷ್ಟು ಕಿಲೋಮೀಟರಿಗೆ. ಮಿತ್ಸುಮೊರಿ ಕಾಗದದಲ್ಲಿ ಎಂಜಿನ್ ಬದಲಿಸಬೇಕೆಂದು ಬರೆದಿದ್ದರೆ ಕಂಪ್ರೆಶನ್ ಅಳತೆ ಎಷ್ಟು ಬಂತೆಂದು ನಾಲ್ಕೂ ಸಿಲಿಂಡರಿನದನ್ನು ಬರೆಸಿಕೊಳ್ಳಿ. ಅಳತೆಯೇ ಮಾಡಿಲ್ಲವೆಂದರೆ ಕಾಗದ ಮಡಚಿಕೊಂಡು ಇನ್ನೊಂದು ಗ್ಯಾರೇಜಿಗೆ ಹೋಗಬಹುದು.