ಕಾಲು ನಿಲ್ಲದ ಕೋಳಿಮರಿಗೆ ಮೊದಲ ವಾರದ ಆರೈಕೆ

ಮೊಟ್ಟೆಯೊಡೆದು ಬಂದ ಮರಿ ಮೈ ಆರಿದ ಮೇಲೆ ಎದ್ದು ನಿಲ್ಲಲು ನೋಡುತ್ತದೆ. ಮೊದಲ ದಿನ ತೂರಾಡುವುದು, ಎರಡು ಹೆಜ್ಜೆ ಇಟ್ಟು ಕುಕ್ಕರಿಸುವುದು ಸಹಜ. ಎರಡನೇ ದಿನವೂ ಕಾಲುಗಳು ಅತ್ತಿತ್ತ ಜಾರಿ ಹೊಟ್ಟೆ ನೆಲಕ್ಕೇ ಅಂಟಿಕೊಂಡಿದ್ದರೆ ಅದು ಸಹಜವಲ್ಲ. ಇಂಥ ಮರಿಯನ್ನು ಹುಟ್ಟುಕುಂಟು ಎಂದು ತಿಪ್ಪೆಗೆ ಎಸೆಯುವ ರೂಢಿ ಈಗಲೂ ಇದೆ. ಈ ರೂಢಿ ಬಿಡಬೇಕು. ಮೊದಲ ವಾರದಲ್ಲಿ ಕಾಣುವ ಕಾಲಿನ ತೊಂದರೆಗಳಲ್ಲಿ ಹಲವು ಹುಟ್ಟಿನ ದೋಷಗಳೇ ಅಲ್ಲ. ನೆಲ ಜಾರಿದ್ದರಿಂದ, ಕಾವು ಹೆಚ್ಚುಕಡಿಮೆಯಾದ್ದರಿಂದ, ಆಹಾರದಲ್ಲಿ ಕೊರತೆಯಾದ್ದರಿಂದ ಬಂದವು. ಎಳೆಯ ಮೂಳೆ ಇನ್ನೂ ಹೇಳಿದಂತೆ ಕೇಳುವ ಹೊತ್ತಿನಲ್ಲಿ ಸರಿಪಡಿಸಿದರೆ ಮರಿ ಉಳಿಯುತ್ತದೆ. ನೋಡೋಣ ಎಂದು ಹತ್ತು ದಿನ ಬಿಟ್ಟರೆ ಅದೇ ಕಾಲು ಬಲಿತು ವಕ್ರವಾಗಿಯೇ ನಿಲ್ಲುತ್ತದೆ.

ಮೊದಲು ಮರಿಯನ್ನು ಕೈಗೆತ್ತಿಕೊಂಡು ನೋಡಬೇಕು. ಕೈ ಬೆಚ್ಚಗಿರಲಿ. ಅಂಗೈಯಲ್ಲಿ ಅಂಗಾತ ಮಲಗಿಸಿ ಎರಡೂ ಕಾಲುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ. ಬೆರಳುಗಳು ನೆಟ್ಟಗಿವೆಯೇ, ಒಳಕ್ಕೆ ಮಡಚಿವೆಯೇ? ಕಾಲಿನ ನಡುವಿನ ಗಂಟು, ಅಂದರೆ ನಾವು ಮಂಡಿ ಎನ್ನುವ ಜಾಗ, ಒಂದರಲ್ಲಿ ದಪ್ಪವಾಗಿದೆಯೇ, ಮುಟ್ಟಿದರೆ ಬಿಸಿಯೇ? ಬೆರಳಿನ ಬುಡಕ್ಕೆ ಕೂದಲೋ ದಾರವೋ ಸುತ್ತಿಕೊಂಡಿದೆಯೇ? ಈ ಕೊನೆಯದನ್ನು ಬಹಳ ಮಂದಿ ನೋಡುವುದೇ ಇಲ್ಲ. ಮನೆಯೊಳಗೆ ಸಾಕಿದ ಮರಿಗಳಿಗೆ ತಲೆಗೂದಲು, ಗೋಣಿಯ ಎಳೆ, ತೆಂಗಿನ ನಾರು ಬೆರಳಿಗೆ ಸುತ್ತಿ ರಕ್ತ ಓಡಾಡದಂತೆ ಮಾಡುತ್ತವೆ. ಬೆರಳು ಊದಿ, ಕಪ್ಪಾಗಿ, ಕೊನೆಗೆ ಉದುರುತ್ತದೆ. ಬೆಳಕಿಗೆ ಹಿಡಿದು ಸಣ್ಣ ಕತ್ತರಿಯಿಂದ ಎಳೆಯನ್ನು ಕತ್ತರಿಸಿ ತೆಗೆದರೆ ಆ ಮರಿಗೆ ಬೇರೆ ಔಷಧಿಯೇ ಬೇಕಾಗದಿರಬಹುದು.

ಜಾರಿದ ಕಾಲು

ಎಳೆ ಮರಿಗಳಲ್ಲಿ ಹೆಚ್ಚಾಗಿ ಕಾಣುವುದು ಎರಡೂ ಕಾಲು, ಕೆಲವೊಮ್ಮೆ ಒಂದೇ ಕಾಲು, ಪಕ್ಕಕ್ಕೆ ಸರಿದು ಅಗಲವಾಗುವ ತೊಂದರೆ. ಮರಿ ಈಜುವಂತೆ ಕಾಲು ಬಡಿಯುತ್ತದೆ, ಮುಂದೆ ಹೋಗುವುದಿಲ್ಲ. ಕಣ್ಣು ಚುರುಕಾಗಿರುತ್ತದೆ, ಕೂಗು ಜೋರಾಗಿರುತ್ತದೆ, ನೀರು ಮೂತಿಗೆ ಮುಟ್ಟಿಸಿದರೆ ಕುಡಿಯುತ್ತದೆ. ಇದಕ್ಕೆ ಮುಖ್ಯ ಕಾರಣ ಜಾರುವ ನೆಲ. ಕಾವು ಯಂತ್ರದ ನುಣುಪಾದ ತಟ್ಟೆಯಲ್ಲಿ ಮರಿಯಾದದ್ದಿರಬಹುದು, ಯಂತ್ರದ ಶಾಖ ಏರಿಳಿದದ್ದಿರಬಹುದು. ನಮ್ಮಲ್ಲಿ ಇನ್ನೂ ಸಾಮಾನ್ಯವಾದ ಕಾರಣ ದಿನಪತ್ರಿಕೆಯ ಹಾಳೆ. ಮರಿಗಳು ಭತ್ತದ ಹೊಟ್ಟನ್ನೇ ತಿಂದುಬಿಡುತ್ತವೆ ಎಂದು ಮೊದಲ ದಿನ ಹೊಟ್ಟಿನ ಮೇಲೆ ಹಾಳೆ ಹಾಸುವುದು ಸರಿಯೇ. ಆದರೆ ನೀರು ಚೆಲ್ಲಿ, ಹಿಕ್ಕೆ ಬಿದ್ದ ಹಾಳೆಯ ಮೇಲೆ ಮೂರ್ನಾಲ್ಕು ದಿನ ಬಿಡುವುದು ಸರಿಯಲ್ಲ. ಪ್ಲಾಸ್ಟಿಕ್ ಚೀಲ ಹಾಸುವುದಂತೂ ಇನ್ನೂ ಕೆಡುಕು. ಹುಲ್ಲು ಹಾಕಿದ ಮಂಕರಿಯಲ್ಲಿ ಹ್ಯಾಟೆಯ ಕೆಳಗೆ ಹುಟ್ಟಿದ ಮರಿಗಳಲ್ಲಿ ಈ ತೊಂದರೆ ಅಪರೂಪ. ಅಲ್ಲಿ ಉಗುರಿಗೆ ಹಿಡಿತ ಸಿಗುತ್ತದೆ.

ಒಂದು ಮರಿಗೆ ಹೀಗಾಗಿದೆ ಎಂದರೆ ಉಳಿದವುಗಳ ಕಾಲ ಕೆಳಗೂ ಅದೇ ನೆಲವಿದೆ. ಆದ್ದರಿಂದ ಚಿಕಿತ್ಸೆಗೆ ಮೊದಲು ನೆಲ ಬದಲಿಸಿ. ರಟ್ಟಿನ ಪೆಟ್ಟಿಗೆಯ ಒಂದು ಪದರ ಸುಲಿದರೆ ಸಿಗುವ ಏಣು ಏಣಾದ ಹಾಳೆ, ಎಳೆ ಬಿಡದ ಹಳೆಯ ದಪ್ಪ ಬಟ್ಟೆ, ಇಲ್ಲವೇ ಎರಡು ಇಂಚು ದಪ್ಪದ ಒಣ ಭತ್ತದ ಹೊಟ್ಟು, ಯಾವುದಾದರೂ ಆದೀತು.

ಇನ್ನು ಕಟ್ಟು. ಔಷಧಿ ಅಂಗಡಿಯ ಸಾಮಾನ್ಯ ಬ್ಯಾಂಡೇಡ್ ಪಟ್ಟಿ ಸಾಕು. ಅದನ್ನು ಉದ್ದಕ್ಕೆ ಕತ್ತರಿಸಿ ಸುಮಾರು ಒಂದು ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಮಾಡಿ. ಒಬ್ಬರು ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಕಾಲು ಮಾತ್ರ ಹೊರಗಿರುವಂತೆ ಹಿಡಿಯಲಿ, ಇನ್ನೊಬ್ಬರು ಕಟ್ಟಲಿ. ಪಟ್ಟಿಯ ನಡುವಿನ ಹತ್ತಿ ಎರಡು ಕಾಲುಗಳ ಮಧ್ಯೆ ಬರಬೇಕು. ಎರಡು ತುದಿಗಳನ್ನು ಮಂಡಿಯ ಕೆಳಗೆ, ಪಾದದ ಮೇಲೆ, ಆಯಾ ಕಾಲಿಗೆ ಸುತ್ತಿ ಪಟ್ಟಿಗೇ ಅಂಟಿಸಬೇಕು. ಕಾಲುಗಳ ನಡುವೆ ಎಷ್ಟು ಅಂತರ ಬಿಡಬೇಕೆಂಬುದಕ್ಕೆ ಪಕ್ಕದಲ್ಲಿ ನೆಟ್ಟಗೆ ನಿಂತ ಮರಿಯೇ ಅಳತೆ. ಅದಕ್ಕಿಂತ ತುಸು ಹೆಚ್ಚಿರಲಿ. ಸುಮಾರು ಒಂದು ಇಂಚು ಸರಿಹೋಗುತ್ತದೆ, ಸಣ್ಣ ನಾಟಿ ಮರಿಗೆ ಇನ್ನೂ ಕಡಿಮೆ. ಕಾಲು ತೀರಾ ಅಗಲವಾಗಿದ್ದರೆ ಒಂದೇ ಸಲಕ್ಕೆ ಎಳೆದು ಹತ್ತಿರ ತರಬೇಡಿ. ಇವತ್ತು ಸ್ವಲ್ಪ, ನಾಳೆ ಇನ್ನು ಸ್ವಲ್ಪ.

ರಬ್ಬರ್ ಬ್ಯಾಂಡ್, ಹೊಲಿಗೆ ದಾರ, ಸುತಲಿ ಇವುಗಳನ್ನು ಯಾವ ಕಾರಣಕ್ಕೂ ಬಳಸಬಾರದು. ಅವು ಎಳೆ ಚರ್ಮದೊಳಕ್ಕೆ ಇಳಿಯುತ್ತವೆ. ಕಟ್ಟಿದ ಅರ್ಧ ಗಂಟೆಗೆ ಒಮ್ಮೆ, ಆಮೇಲೆ ದಿನಕ್ಕೆ ಎರಡು ಮೂರು ಸಲ ಪಾದ ನೋಡಿ. ತಣ್ಣಗಾಗಿದ್ದರೆ, ನೀಲಿಗಟ್ಟಿದರೆ, ಊದಿದರೆ ಕಟ್ಟು ಬಿಗಿಯಾಗಿದೆ ಎಂದರ್ಥ, ಕೂಡಲೇ ಬಿಚ್ಚಿ. ಬಿಚ್ಚುವಾಗ ಕೀಳಬೇಡಿ, ಪಟ್ಟಿಗೆ ಮಾತ್ರ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಕಾದರೆ ಅಂಟು ಬಿಡುತ್ತದೆ. ತುಪ್ಪಳಕ್ಕೆ ಎಣ್ಣೆ ತಾಗದಿರಲಿ, ತಾಗಿದರೆ ಮೈಯ ಬಿಸಿ ನಿಲ್ಲುವುದಿಲ್ಲ. ಮರಿ ದಿನದಿನಕ್ಕೂ ಬೆಳೆಯುವುದರಿಂದ ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ ಕಟ್ಟು ಹೊಸದಾಗಬೇಕು.

ಕಟ್ಟಿದ ಮೊದಲ ದಿನ ಮರಿ ಮುಗ್ಗರಿಸುತ್ತದೆ, ಮಗುಚಿ ಬಿದ್ದು ಏಳಲಾಗದೆ ಕೂಗುತ್ತದೆ. ಗಾಬರಿಯಾಗಿ ಬಿಚ್ಚಿಬಿಡಬೇಡಿ. ದಿನಕ್ಕೆ ಐದಾರು ಬಾರಿ, ಐದು ಐದು ನಿಮಿಷ, ಎದೆಯ ಕೆಳಗೆ ಬೆರಳು ಕೊಟ್ಟು ಪಾದ ನೆಲ ಮುಟ್ಟುವಂತೆ ಹಿಡಿಯಿರಿ. ಭಾರ ಹೊರುವುದನ್ನು ಕಾಲು ಹೀಗೆಯೇ ಕಲಿಯುವುದು. ಮೂರರಿಂದ ಐದು ದಿನದೊಳಗೆ ಹೆಚ್ಚಿನ ಮರಿಗಳು ಕಟ್ಟಿಲ್ಲದೆ ನಿಲ್ಲುತ್ತವೆ. ವಾರವಾದರೂ ಸುಧಾರಣೆ ಕಾಣದಿದ್ದರೆ ತೊಡೆಯ ಕೀಲಿನಲ್ಲೋ ಮಂಡಿಯಲ್ಲೋ ಬೇರೆ ದೋಷವಿದೆ ಎಂದು ತಿಳಿಯಬೇಕು.

ಮಡಚಿದ ಬೆರಳು

ಹುಟ್ಟಿದ ದಿನವೇ ಬೆರಳು ಡೊಂಕಾಗಿದ್ದರೆ ಅದಕ್ಕೆ ಪಾದರಕ್ಷೆ ಮಾಡಬೇಕು. ಪಾದದಗಲದ ತೆಳು ರಟ್ಟಿನ ಮೇಲೆ ಬೆರಳುಗಳನ್ನು ನೆಟ್ಟಗೆ ಬಿಡಿಸಿಟ್ಟು ಅಂಟುಪಟ್ಟಿಯಿಂದ ಹಿಡಿಸಿದರೆ ಒಂದೆರಡು ದಿನದಲ್ಲಿ ನೇರವಾಗುತ್ತವೆ.

ಚೆನ್ನಾಗಿಯೇ ಓಡಾಡುತ್ತಿದ್ದ ಮರಿ ಎರಡನೇ ಅಥವಾ ಮೂರನೇ ವಾರಕ್ಕೆ ಬೆರಳು ಮುಷ್ಟಿ ಮಾಡಿಕೊಂಡು ಮಂಡಿಯ ಮೇಲೆ ನಡೆಯತೊಡಗಿದರೆ ಕಥೆ ಬೇರೆ. ಅದು ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವದ ಕೊರತೆ. ಕಾಲಿಗೆ ಹೋಗುವ ದೊಡ್ಡ ನರ ಊದಿಕೊಂಡು ಬೆರಳು ಬಿಡಿಸುವ ಶಕ್ತಿ ಹೋಗುತ್ತದೆ. ಇಲ್ಲಿ ರಟ್ಟು ಕಟ್ಟಿ ಫಲವಿಲ್ಲ. ಎಳೆ ಮರಿಗೆ ಒಂದು ಕಿಲೋ ಆಹಾರದಲ್ಲಿ ಸುಮಾರು 3.6 ಮಿಲಿಗ್ರಾಂ ರೈಬೋಫ್ಲೇವಿನ್ ಇರಬೇಕು. ಬರೀ ಅಕ್ಕಿನುಚ್ಚು, ರಾಗಿ, ಜೋಳದಲ್ಲಿ ಬೆಳೆಸಿದ ಮರಿಗೆ ಅಷ್ಟು ಸಿಗುವುದಿಲ್ಲ. ಅಂಗಳದಲ್ಲಿ ಹುಳಹುಪ್ಪಟೆ, ಎಳೆ ಸೊಪ್ಪು ಕೆದಕಿ ತಿನ್ನುವ ಮರಿ ಅದನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಕೂಡಿಟ್ಟದ್ದಕ್ಕೆ ನಾವೇ ಕೊಡಬೇಕು. ಕೋಳಿಗಳಿಗೆಂದೇ ಸಿಗುವ ಬಿ ಕಾಂಪ್ಲೆಕ್ಸ್ ದ್ರಾವಣವನ್ನು ಬಾಟಲಿಯ ಮೇಲೆ ಬರೆದ ಪ್ರಮಾಣದಲ್ಲಿ ಕುಡಿಯುವ ನೀರಿಗೆ ಹಾಕಿ ಐದರಿಂದ ಏಳು ದಿನ ಕೊಡಿ. ಆ ನೀರನ್ನು ಬಿಸಿಲಿಗೆ ಇಡಬಾರದು, ಬೆಳಕಿಗೆ ರೈಬೋಫ್ಲೇವಿನ್ ಹಾಳಾಗುತ್ತದೆ. ಪ್ರತಿದಿನ ಹೊಸದಾಗಿ ಬೆರೆಸಿ, ನೆರಳಲ್ಲಿಡಿ. ಹಿಂಡಿಗೆಲ್ಲ ಕೊಡಿ, ಒಂದಕ್ಕೆ ಕಂಡಿದ್ದರೆ ಉಳಿದವೂ ಅದೇ ಆಹಾರ ತಿಂದಿವೆ. ಆರಂಭದಲ್ಲೇ ಕೊಟ್ಟರೆ ಕೆಲವೇ ದಿನಗಳಲ್ಲಿ ಬೆರಳು ಬಿಡಿಸುತ್ತದೆ, ತಡವಾದರೆ ನರ ಶಾಶ್ವತವಾಗಿ ಕೆಡುತ್ತದೆ.

ಜಾರಿದ ಸ್ನಾಯುರಜ್ಜು

ಮಂಡಿ ದಪ್ಪವಾಗಿ, ಚಪ್ಪಟೆಯಾಗಿ, ಕಾಲಿನ ಕೆಳಭಾಗ ಹೊರಗೆ ತಿರುಚಿಕೊಂಡಿದ್ದರೆ ಗಂಟಿನ ಹಿಂಬದಿಯ ಸ್ನಾಯುರಜ್ಜು ತನ್ನ ಜಾಡಿನಿಂದ ಸರಿದಿರುತ್ತದೆ. ಸರಿಯಾದ ಕಾಲಿನ ಮಂಡಿಯ ಹಿಂದೆ ಹೆಬ್ಬೆರಳಾಡಿಸಿದರೆ ನಡುವೆಯೇ ಹುರಿಯಂಥದ್ದು ಸಿಗುತ್ತದೆ. ಕೆಟ್ಟ ಕಾಲಿನಲ್ಲಿ ಅದು ಪಕ್ಕಕ್ಕೆ ಸಿಗುತ್ತದೆ, ಹಿಂಭಾಗ ಬರಿದಾಗಿರುತ್ತದೆ. ಮರಿಗೆ ಇದು ಬಹಳ ನೋವು ಕೊಡುತ್ತದೆ. ಮ್ಯಾಂಗನೀಸ್, ಕೋಲಿನ್ ಮುಂತಾದವುಗಳ ಕೊರತೆ ಇದರ ಮೂಲ. ಕಿಲೋ ಆಹಾರಕ್ಕೆ ಸುಮಾರು 60 ಮಿಲಿಗ್ರಾಂ ಮ್ಯಾಂಗನೀಸ್ ಬೇಕು. ಮುಸುಕಿನ ಜೋಳದಲ್ಲಿ ಅದು ತೀರ ಕಡಿಮೆ, ಅಕ್ಕಿ ತೌಡು ಮತ್ತು ಗೋಧಿ ಬೂಸಾದಲ್ಲಿ ಹೆಚ್ಚು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ತಳಿಗಳು ನಾಟಿಗಿಂತ ಬೇಗ ತೂಕ ಬರುತ್ತವೆ. ಅವುಗಳ ಮರಿಗೆ ಬರೀ ಜೋಳದ ನುಚ್ಚು ಸುರಿದರೆ ಮೈ ಬೆಳೆದು ಕಾಲು ಸೋಲುತ್ತದೆ.

ಸರಿದ ಕೆಲವೇ ಗಂಟೆಗಳಲ್ಲಿ ಪಶುವೈದ್ಯರು ಅದನ್ನು ಹಿಂದಕ್ಕೆ ಕೂರಿಸಿ ಕಟ್ಟು ಹಾಕಬಲ್ಲರು. ತಡವಾದರೆ ಜಾಡೇ ಮುಚ್ಚಿಹೋಗುತ್ತದೆ, ಆಮೇಲೆ ಕೊಟ್ಟ ಖನಿಜ ಮಿಶ್ರಣ ಉಳಿದ ಮರಿಗಳನ್ನು ಕಾಯುತ್ತದೆಯೇ ಹೊರತು ಈ ಕಾಲನ್ನು ಸರಿಮಾಡುವುದಿಲ್ಲ. ನೋವಿನಲ್ಲಿ ತೆವಳುವ, ಗುಣವಾಗದ ಮರಿಯನ್ನು ಹಿಂಡಿನ ಕುಕ್ಕಿಗೆ ಬಿಡುವುದು ಕ್ರೌರ್ಯ. ತಿಳಿದವರಿಂದ ಒಂದೇ ಕ್ಷಣದಲ್ಲಿ ಅದರ ನೋವು ಮುಗಿಸುವುದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನಲ್ಲಿ ವಾರಗಟ್ಟಲೆ ಒಳಗೇ ಇರುವ ಮರಿಗಳ ಕೊಕ್ಕು ರಬ್ಬರಿನಂತೆ ಬಾಗಿದರೆ ಅದು ಡಿ ಜೀವಸತ್ವ, ಸುಣ್ಣ, ರಂಜಕಗಳ ಕೊರತೆ. ಗಾಜು, ಪ್ಲಾಸ್ಟಿಕ್ ಹಾಳೆಯ ಮೂಲಕ ಬಂದ ಬಿಸಿಲಿನಿಂದ ಪ್ರಯೋಜನವಾಗುವುದಿಲ್ಲ, ನೇರ ಎಳೆಬಿಸಿಲು ಬೇಕು. ಇದಕ್ಕೆಂದು ಮೊಟ್ಟೆಕೋಳಿಯ ಆಹಾರ ಹಾಕಬೇಡಿ. ಅದರಲ್ಲಿ ಸುಣ್ಣದಂಶ ಶೇ. 3.5 ರಿಂದ 4 ಇರುತ್ತದೆ, ಮರಿಗೆ ಬೇಕಾದದ್ದು ಶೇ. 1 ಮಾತ್ರ. ಹೆಚ್ಚಾದ ಸುಣ್ಣ ಮೂತ್ರಪಿಂಡ ಕೆಡಿಸುತ್ತದೆ, ಮೂಳೆಯನ್ನೂ ಕೆಡಿಸುತ್ತದೆ. ಮರಿಗೆ ಮರಿಯ ಆಹಾರವೇ ಆಗಬೇಕು.

ಮನೆಮದ್ದಿಗೆ ಕಾಯಬಾರದ ಲಕ್ಷಣಗಳು

ಕಾಲು ಬಿದ್ದದ್ದರ ಜೊತೆಗೆ ಮರಿ ಮಂಕಾಗಿದ್ದರೆ, ಹೊಕ್ಕುಳು ಒದ್ದೆಯಾಗಿ ವಾಸನೆ ಬರುತ್ತಿದ್ದರೆ, ಗಂಟು ಬಿಸಿಯಾಗಿ ಊದಿದ್ದರೆ ಅದು ಸೋಂಕು. ಮನುಷ್ಯರ ಮಾತ್ರೆ ಪುಡಿ ಮಾಡಿ ಹಾಕಬೇಡಿ, ವೈದ್ಯರಿಗೆ ತೋರಿಸಿ. ಹಸಿರು ಭೇದಿ, ಬಾಯಿಬಿಟ್ಟು ಉಸಿರಾಟ, ಕತ್ತು ತಿರುಚುವುದು, ಒಂದರ ಹಿಂದೆ ಒಂದು ಸಾವು ಕಂಡರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಇರಬಹುದು. ಒಂದರಿಂದ ಮೂರು ವಾರದ ಮರಿಗಳ ತಲೆ ನಡುಗುತ್ತಾ ಕಾಲು ಬಿದ್ದರೆ ಅದು ಮಿದುಳಿನ ಸೋಂಕಿನ ಲಕ್ಷಣ. ಆರು ವಾರ ದಾಟಿದ ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಮಲಗಿದರೆ ಮಾರೆಕ್ಸ್ ರೋಗದ ಶಂಕೆ. ಇವುಗಳಲ್ಲಿ ಕಾಲಿಗೆ ಕಟ್ಟು ಕಟ್ಟುತ್ತ ಕೂತರೆ ಇಡೀ ಹಿಂಡು ಹೋಗುತ್ತದೆ. ಸಂಚಾರಿ ಪಶುಚಿಕಿತ್ಸಾ ಘಟಕಕ್ಕೆ 1962, ಸಲಹೆಗೆ ಕಿಸಾನ್ ಕಾಲ್ ಸೆಂಟರ್‌ನ 1800-180-1551, ಎರಡೂ ಉಚಿತ ಕರೆಗಳು.

ಕುಂಟು ಮರಿಯ ದಿನಚರಿ

ಕಾಲು ನಿಲ್ಲದ ಮರಿ ಎಷ್ಟೋ ಸಲ ಕಾಲಿನಿಂದಲ್ಲ, ಬಾಯಾರಿ ಸಾಯುತ್ತದೆ. ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿ ಭಾಗ ಎರಡು ಮೂರು ದಿನ ಜೀವ ಹಿಡಿದಿರುತ್ತದೆ, ಆಮೇಲೆ ನೀರಿನ ಬಟ್ಟಲಿನವರೆಗೆ ಹೋಗಲಾರದ ಮರಿ ಸೊರಗುತ್ತದೆ. ಕಾಲಿನ ಚರ್ಮ ಒಣಗಿ ಸುಕ್ಕಾಗಿದ್ದರೆ ನೀರು ಸಾಕಾಗಿಲ್ಲ ಎಂದರ್ಥ. ಎರಡು ಮೂರು ಗಂಟೆಗೊಮ್ಮೆ ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿ. ಬಾಯೊಳಕ್ಕೆ ಹಿಂಡಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಇಟ್ಟರೆ ತಾನೇ ನುಂಗುತ್ತದೆ. ತೀರ ಸೊರಗಿದ್ದರೆ ಮೊದಲ ಕೆಲವು ಗಂಟೆ ತೆಳು ಬೆಲ್ಲದ ನೀರು ಒಳ್ಳೆಯದು. ಬಟ್ಟಲಿನಲ್ಲಿ ತೊಳೆದ ಬೆಣಚುಕಲ್ಲು ಹಾಕಿಡಿ, ಮುಗ್ಗರಿಸಿದ ಮರಿ ಬೆರಳುದ್ದದ ನೀರಿನಲ್ಲೂ ಮುಳುಗುತ್ತದೆ.

ಮೊದಲ ವಾರ ಮರಿಯ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಓಡಾಡುವ ಮರಿ ಸೆಕೆಯಾದರೆ ದೂರ ಸರಿಯುತ್ತದೆ, ಕುಂಟು ಮರಿಗೆ ಅದಾಗದು. ಆದ್ದರಿಂದ ಕಾವಿನ ಬಲ್ಬು ನೇರ ತಲೆಯ ಮೇಲಿರದೆ ಪೆಟ್ಟಿಗೆಯ ಒಂದು ಬದಿಗಿರಲಿ. ಹಿಂಡಿನಿಂದ ಬೇರೆ ಮಾಡಿ, ಆದರೆ ಒಂಟಿಯಾಗಿ ಬಿಡಬೇಡಿ. ಸಾಧುವಾದ ಒಂದು ಮರಿಯನ್ನು ಜೊತೆಗಿಟ್ಟರೆ ಅದನ್ನು ನೋಡಿಯೇ ಇದು ಕುಕ್ಕಲು ಕಲಿಯುತ್ತದೆ. ಹ್ಯಾಟೆಯ ಮರಿಯಾಗಿದ್ದರೆ ಕಟ್ಟು ಬಿಚ್ಚಿದ ಮೇಲೆ ರಾತ್ರಿ ಕತ್ತಲಲ್ಲಿ ಅದರ ರೆಕ್ಕೆಯಡಿಗೆ ಸೇರಿಸಿ. ಹಗಲಲ್ಲಿ ಬಿಟ್ಟರೆ ಕೆಲವು ಹ್ಯಾಟೆಗಳು ಕುಕ್ಕಿ ಓಡಿಸುತ್ತವೆ.

ಮುಂದಿನ ಸಲ ಮರಿ ತರುವಾಗ ಮಾರೆಕ್ಸ್ ಲಸಿಕೆ ಹಾಕಿದ್ದಾರೆಯೇ ಎಂದು ಮರಿ ಕೇಂದ್ರದಲ್ಲಿ ಕೇಳಿ, ರಸೀದಿಯ ಮೇಲೆ ಬರೆಸಿಕೊಳ್ಳಿ. ಅದನ್ನು ಮರಿ ಹುಟ್ಟಿದ ದಿನವೇ ಹಾಕಬೇಕು. ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ ಲಸಿಕೆಯನ್ನು ನೀವೇ ಹಾಕಿಸಿ.