ನೋವಿನ ಮಾತ್ರೆಯೂ ಗರ್ಭಕೋಶವೂ

ಬಸವಾದಿ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಜನನಸೂತಕ, ರಜಸ್ಸೂತಕಗಳೂ ಅವುಗಳಲ್ಲಿ ಸೇರಿವೆ. ಇಷ್ಟಲಿಂಗಧಾರಿಣಿಗೆ ಮುಟ್ಟಾಗಲಿ ಹೆರಿಗೆಯಾಗಲಿ ಪೂಜೆಗೆ ಅಡ್ಡಿಯಲ್ಲವೆಂಬುದು ನಮ್ಮ ಪರಂಪರೆ. ಆದರೂ ಮುಟ್ಟಿನ ನೋವನ್ನು ಕುರಿತು ಮಾತನಾಡಲು ನಾವು ಇಂದಿಗೂ ಸಂಕೋಚಪಡುತ್ತೇವೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಉದ್ಯೋಗಕ್ಕಾಗಿ, ವಿದ್ಯಾಭ್ಯಾಸಕ್ಕಾಗಿ ನೆಲೆಸಿರುವ ಭಕ್ತ ಕುಟುಂಬಗಳ ಹೆಣ್ಣುಮಕ್ಕಳು ಯಾರನ್ನೂ ಕೇಳದೆ ಅಂಗಡಿಯ ನೋವಿನ ಮಾತ್ರೆಯನ್ನು ನುಂಗುವುದುಂಟು. ಆ ಮಾತ್ರೆಯು ಗರ್ಭಕೋಶದಲ್ಲಿ ಮಾಡುವ ಕೆಲಸವನ್ನು ನಾವು ಅರಿತಿರಬೇಕು.

ಗರ್ಭಕೋಶವು ಸ್ನಾಯುಗಳಿಂದಾದ ಚೀಲ. ಮುಟ್ಟಿನ ಸಮಯದಲ್ಲಿ ಅದರ ಒಳಪದರವು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಹೊರಸೂಸುತ್ತದೆ. ಅವು ಸ್ನಾಯುವನ್ನು ಹಿಂಡಿ ಸಂಕೋಚಿಸುತ್ತವೆ. ಆಗ ರಕ್ತ ಸಂಚಾರ ಕುಗ್ಗಿ ನೋವುಂಟಾಗುತ್ತದೆ. ಹೆರಿಗೆಯ ಬೇನೆಯಲ್ಲಿಯೂ ಇವುಗಳ ಪಾತ್ರ ದೊಡ್ಡದು. ಆಸ್ಪಿರಿನ್ನಿನಂತಹ ಉರಿಯೂತ ಶಾಮಕ ಔಷಧಗಳು ಪ್ರೋಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತವೆ ಎಂಬುದನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ಗರ್ಭಕೋಶದ ಮೇಲೆ ಈ ಔಷಧಗಳ ಪರಿಣಾಮವು ಮೊದಲು ತಿಳಿದುದು ಪ್ರಾಣಿಗಳಿಂದ. ಇಲಿಯ ಗರ್ಭಕೋಶದ ತುಣುಕನ್ನು ಆಮ್ಲಜನಕವಿರುವ ಬೆಚ್ಚನೆಯ ಲವಣದ್ರಾವಣದಲ್ಲಿ ಇಟ್ಟರೆ ಅದು ತಾನಾಗಿಯೇ ಸಂಕೋಚಿಸುತ್ತಿರುತ್ತದೆ. ಇಂಡೊಮೆಥಾಸಿನ್ ಮುಂತಾದ ಔಷಧವನ್ನು ಸೇರಿಸಿದಾಗ ಆ ಸಂಕೋಚನಗಳು ತಗ್ಗುತ್ತವೆ. ಗರ್ಭಿಣಿ ಇಲಿಗಳಿಗೆ ಆಸ್ಪಿರಿನ್ ಹಾಗೂ ಇಂಡೊಮೆಥಾಸಿನ್ ಕೊಟ್ಟಾಗ ಹೆರಿಗೆ ದೀರ್ಘವಾಯಿತೆಂದು 1972ರಲ್ಲಿಯೇ ವರದಿಯಾಯಿತು. ಆ ಮೂಕಜೀವಿಗಳ ಋಣ ನಮ್ಮ ಮೇಲಿದೆ. ಅವು ಕಲಿಸಿದ ಪಾಠವನ್ನು ಮರೆಯುವುದು ತರವಲ್ಲ.

ಆ ಪಾಠಕ್ಕೆ ಎರಡು ಮುಖಗಳಿವೆ. ಮುಟ್ಟಿನ ನೋವಿಗೆ ಮೆಫೆನಾಮಿಕ್ ಆಮ್ಲ, ಐಬುಪ್ರೊಫೆನ್ ಮುಂತಾದವು ನಿಜವಾಗಿಯೂ ಉಪಕಾರಿ. ಅವು ನೋವಿನ ಮೂಲವನ್ನೇ ತಗ್ಗಿಸುತ್ತವೆ. ನೋವನ್ನು ಸಹಿಸುವುದೇ ಸದ್ಗುಣವೆಂದು ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಊಟದ ನಂತರ, ವೈದ್ಯರು ಹೇಳಿದ ಪ್ರಮಾಣದಲ್ಲಿ, ಕೆಲವೇ ದಿನ ಸೇವಿಸಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ, ಆಸ್ತಮಾ ಇರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ತಿಂಗಳಿಂದ ತಿಂಗಳಿಗೆ ನೋವು ಹೆಚ್ಚುತ್ತಿದ್ದರೆ ಮಾತ್ರೆಯಿಂದ ಮರೆಮಾಚದೆ ತಪಾಸಣೆ ಮಾಡಿಸಬೇಕು.

ಗರ್ಭಿಣಿಯರಿಗೆ ಅದೇ ಮಾತ್ರೆ ಅಪಾಯಕಾರಿ. ಗರ್ಭದ 20 ವಾರಗಳ ನಂತರ ಇವು ಶಿಶುವಿನ ಮೂತ್ರಪಿಂಡವನ್ನು ಬಾಧಿಸಿ ಗರ್ಭಜಲವನ್ನು ಕುಗ್ಗಿಸಬಲ್ಲವು. ಕೊನೆಯ ತಿಂಗಳುಗಳಲ್ಲಿ, ಜನನದ ನಂತರ ಮುಚ್ಚಬೇಕಾದ ಹೃದಯದ ಬಳಿಯ ರಕ್ತನಾಳವು ಗರ್ಭದಲ್ಲಿಯೇ ಮುಚ್ಚಿಕೊಳ್ಳಬಹುದು. ಬೆನ್ನುನೋವು, ತಲೆನೋವುಗಳಿಗೆಂದು ಮನೆಯಲ್ಲಿ ಉಳಿದ ಮಾತ್ರೆಯನ್ನು ಗರ್ಭಿಣಿಗೆ ಕೊಡಲೇಬಾರದು. ಆದರೆ ರಕ್ತದೊತ್ತಡದ ತೊಂದರೆಯನ್ನು ತಡೆಯಲು ವೈದ್ಯರೇ ಅಲ್ಪ ಪ್ರಮಾಣದ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಅದನ್ನು ತಾವಾಗಿಯೇ ನಿಲ್ಲಿಸಲೂಬಾರದು.

1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಂದಿನಿಂದ ಈ ಭಾಗದಲ್ಲಿ ವೈದ್ಯರ ಸಲಹೆ ದೂರದ ಮಾತಾಗಿ ಉಳಿದಿಲ್ಲ. ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿಯೂ, ಆಶಾ ಕಾರ್ಯಕರ್ತೆಯರಲ್ಲಿಯೂ ಕೇಳಬಹುದು. ಸೂತಕವಿಲ್ಲವೆಂದು ನಂಬಿದ ನಮಗೆ ಕೇಳಲು ಸಂಕೋಚವೇಕೆ? ಮನೆಯ ಮಗಳು ನೋವೆಂದಾಗ ಕಿವಿಗೊಡೋಣ; ಮಾತ್ರೆ ಕೊಡುವ ಮುನ್ನ ವಿಚಾರಿಸೋಣ.